ಮೂತಿಗೆ ಕಟ್ಟಿದ ಕೆಂಪು ಬಟ್ಟೆ

"ಮೂತಿಗೆ ಕಟ್ಟಿರೋ ಬಟ್ಟೆ ಮಾತ್ರ ಬಿಚ್ಚಬೇಡಪ್ಪ," ಎಂದಳು ಮುದುಕಿ ಸಂಗಿಯಂ. "ದೋಣಿ ನಿಂದೇ. ಗಂಟು ನಂದು."

ಕ್ರಿತ್ ನಕ್ಕ. "ಅದರ ಕೆಳಗೇ ಮರ ಕೊಳೆತಿರೋದು ಅಜ್ಜಿ. ಮುಚ್ಚಿಟ್ಟು ಮಾರ್ತಿದೀರಾ?"

ಎರಡು ವರ್ಷ ಸತೂನ್ ಕರಾವಳಿಯ ಅಳಿವೆಗಳನ್ನೆಲ್ಲ ಸುತ್ತಿದ ಮೇಲೆ ಅವನ ಕೈಗೆಟುಕಿದ ಹಾಯಿದೋಣಿ ಇದೊಂದೇ. ದೋಣಿ ಪರೀಕ್ಷೆ ಮಾಡುವವರನ್ನು ಕರೆಸುವ ಶಕ್ತಿಯಿಲ್ಲದೆ ತಾನೇ ಮರದ ಸುತ್ತಿಗೆ ಹಿಡಿದು ಗೇಣು ಗೇಣಿಗೂ ತಟ್ಟುತ್ತ ಬಂದಿದ್ದ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದೊಪ್ ಎನ್ನುತ್ತದೆ. ಇಳಿತದ ಕೆಸರಿನಲ್ಲಿ ವಾಲಿ ಕೂತಿದ್ದ ದೋಣಿ ಎಲ್ಲೆಡೆ ಟಣ್ ಎಂದಿತ್ತು. ಮುಂತುದಿಯ ಮೂತಿಯೊಂದೇ ಉಳಿದಿತ್ತು.

"ಬೇಡ ಕ್ರಿತ್," ಹೆಂಡತಿ ದಾರಿನ್ ತೋಳು ಹಿಡಿದಳು. "ಇವರ ಗಂಡ ಇದೇ ದೋಣಿಯಿಂದ ಬಿದ್ದು ಸತ್ತಿದ್ದು. ಹೆಣ ಸಿಗಲಿಲ್ಲ. ಮಾಟಗಾರನ ಕೈಲಿ ಅವರ ಜೀವಾನ ಇಲ್ಲೇ ಕಟ್ಟಿಸಿದಾರಂತೆ. ಬಿಚ್ಚಿದವರು ಅವರ ಜಾಗಕ್ಕೆ ಹೋಗ್ತಾರಂತೆ."

"ಇದು ನಮ್ಮ ಮನೆ ಆಗತ್ತೆ ಕಣೇ. ಬಿಟ್ಟಿ ಬಾಡಿಗೆದಾರ ಯಾಕೆ?"

ಗಂಟಿನ ಮೇಲೆ ಚಾಕು ಎಳೆದ. ಬಟ್ಟೆಯೊಳಗಿಂದ ಒದ್ದೆ ಕೂದಲಿನ ಎಳೆಯೊಂದು ಜಾರಿತು. ಕೊಳೆತ ಮೀನಿನ ವಾಸನೆ, ಅದರಡಿಯಲ್ಲಿ ತೆಂಗಿನೆಣ್ಣೆಯದು. ಬರಿಯ ಮರವನ್ನು ತಟ್ಟಿದ.

ಟಣ್.

ಒಳಗಿನಿಂದ ಯಾರೋ ತಟ್ಟಿದರು. ಟಣ್.

"ಯಾವನೋ ಅದು?" ಕ್ರಿತ್ ದೋಣಿ ಏರಿ ಒಳಕೋಣೆಗೆ ಇಳಿದ. ಕತ್ತಲಲ್ಲಿ ಒದ್ದೆ ಭುಜವೊಂದು ಅವನನ್ನು ಸವರಿಕೊಂಡು ಹೊರಗೆ ಹೋಯಿತು. ಬಾಗಿಲು ಮುಚ್ಚಿತು. ತಡಕಿದ. ಬಾಗಿಲಿಲ್ಲ. ಕೂಗಿದ. ದನಿಯಿಲ್ಲ. ಮುಷ್ಟಿಯೊಂದಕ್ಕೇ ಸದ್ದಿತ್ತು.

ಹೊರಗೆ ಮುದುಕಿ ಬಿಕ್ಕುತ್ತಿದ್ದಳು. "ನಮ್ಮ ಯಜಮಾನ್ರು ಹೊರಟೇ ಹೋದ್ರು... ತಿರುಗಿ ಕೂಡ ನೋಡಲಿಲ್ಲ." ಆಮೇಲೆ ಮೆಲ್ಲಗೆ, "ಮಗಳೇ, ಒಳಗೆ ಹೋಗಿ ಹುಡುಕಿದ್ಯಲ್ಲ. ಯಾರೂ ಕಾಣಲ್ಲ. ಉಬ್ಬರ ಬಂದ್ರೆ ನಿನ್ನ ಗಂಡನ ಜೀವಾನೂ ನೀರಿನ ಜೊತೆ ಹೋಗತ್ತೆ, ಬಿಡುಗಡೆ. ಹತ್ರಾನೇ ಇರಲಿ ಅಂದ್ರೆ ನಿನ್ನದೊಂದು ಎಳೆ ಕೂದಲು ಕೊಡು, ಇಲ್ಲೇ ಕಟ್ತೀನಿ."

ಬೇಡ. ಬೇಡ. ಒಳಗೆ ಕ್ರಿತ್ ಮುಷ್ಟಿಯ ಚರ್ಮ ಸುಲಿಯುವವರೆಗೆ ಬಡಿದ.

"ಕರೀತಿದಾನೆ ಅಜ್ಜಿ," ಎಂದಳು ದಾರಿನ್.

ಬಟ್ಟೆ ಹರಿದ ಸದ್ದು. ಗಂಟು ಬಿಗಿಯಿತು.

ಎಷ್ಟು ಮಳೆಗಾಲ ಕಳೆಯಿತೋ. ಒಂದು ದಿನ ಹೊರಗೆ ಅಪರಿಚಿತ ಸುತ್ತಿಗೆ ಗೇಣು ಗೇಣಿಗೂ ತಟ್ಟುತ್ತ ಬಂತು. ದಾರಿನ್‌ಳ ದನಿಗೆ ವಯಸ್ಸಾಗಿತ್ತು.

"ಮೂತಿಗೆ ಕಟ್ಟಿರೋ ಬಟ್ಟೆ ಮಾತ್ರ ಬಿಚ್ಚಬೇಡಪ್ಪ."

ಬಂದವನು ನಕ್ಕ.

ಒಳಗೆ ಕ್ರಿತ್ ಮೊದಲ ಸಲ ಮುಷ್ಟಿ ಕೆಳಗಿಳಿಸಿದ. ಹೊರಗಿನವನು ಹೆದರಿ ಓಡದಿರಲೆಂದು, ಸದ್ದು ಮಾಡದೆ ಕಾದ.