ನೂರ ನಲವತ್ತೆರಡು

ಅರುಂಧತಿಯ ಬೆರಳುಗಳಲ್ಲಿ ಕಾಲುಂಗುರ ಇರಲಿಲ್ಲ. ಶಿವನಸಮುದ್ರದ ಪವರ್‌ಹೌಸಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದ ಕೆಂಪರಾಜು ಹೊಸ್ತಿಲಲ್ಲೇ ನಿಂತ.

"ನನ್ಮೇಲೆ ಕ್ವಾಪ್ವಾ?"

"ಇಲ್ಲ ಬುಡಿ. ತೊಳ್ಯಕ್ ತಗ್ದೆ."

"ಮೂರ್ ವರ್ಸದಲ್ಲಿ ಒಂದಿನಾನೂ ತೊಳೀದೋಳು?"

"ಇವತ್ ತೊಳ್ದೆ. ಅದುನ್ನೂ ನಿಮ್ ಬುಕ್ಕಲ್ಲಿ ಬರ್ಕೊಳಿ."

ಅವಳ ಕಣ್ಣಂಚಿಗೆ ನಗು ಬಂತು. ದಣಿದು ಅಲ್ಲೇ ಕೂತಿತು.

ಅವಳಿಗೆ ಲೂಪಸ್, ಮೈಯ ಕಾವಲೇ ಮೈಯನ್ನು ಕಚ್ಚುವ ಕಾಯಿಲೆ. ಈಗ ಏಳು ತಿಂಗಳ ಬಸುರಿ. ಹೋದ ಸಲ ಮಂಡ್ಯದ ಆಸ್ಪತ್ರೆಯಿಂದ ಇಬ್ಬರೂ ಮಗುವಿಲ್ಲದೆ ಬರಿಗೈಯಲ್ಲಿ ಬಂದಿದ್ದರು. ಈ ಸಲ ರಕ್ತದ ರಿಪೋರ್ಟು ನೋಡಿ ಡಾಕ್ಟರಮ್ಮ ಮೊದಲೇ ಹೇಳಿದ್ದರು: "ನಿಮ್ಮಂಥ ಹತ್ತು ಜನರಲ್ಲಿ ಮೂವರಿಗೆ ತೊಂದರೆ ಆಗಬಹುದು. ಆ ಮೂವರಲ್ಲಿ ನೀವಿದ್ದೀರಾ ಅಂತ ನಾನು ಹೇಳಲಾರೆ. ಬಿ.ಪಿ. ನೂರ ನಲವತ್ತು ದಾಟಿದ್ರೆ, ಕಾಲು ಊದಿದ್ರೆ, ಅವತ್ತೇ ಬನ್ನಿ."

ಗಂಟೆಗೊಮ್ಮೆ ಮೀಟರ್ ನೋಡಿ ಬರೆಯುವುದು ಕೆಂಪರಾಜುವಿನ ಕೆಲಸ. ಹನ್ನೊಂದು ವರ್ಷದಲ್ಲಿ ಒಂದಂಕಿಯನ್ನೂ ಅವನು ತಿದ್ದಿದವನಲ್ಲ. ಮನೆಯಲ್ಲೂ ಅಂಥದೇ ಒಂದು ಪುಸ್ತಕ. ದಿನವೂ ಪಾಳಿಯಿಂದ ಬಂದವನೇ ಅವಳ ತೋಳಿಗೆ ಬಿ.ಪಿ. ಮಿಷನ್ನಿನ ಪಟ್ಟಿ ಸುತ್ತುತ್ತಿದ್ದ. ಅವನು ಮಿಷನ್ನನ್ನು ನೋಡುತ್ತಿದ್ದ, ಅವಳು ಅವನ ಹುಬ್ಬುಗಳನ್ನು.

ಇವತ್ತೂ ಸುತ್ತಲು ನೆಲದ ಮೇಲೆ ಕೂತ. ಆಗ ಕಂಡಿತು: ಸೀರೆಯಂಚಿನ ಕೆಳಗೆ ಊದಿದ ಪಾದ, ಬೆರಳ ಸುತ್ತ ಉಂಗುರ ಕೊರೆದ ಕೆಂಪು ಗೆರೆ.

"ಸೋಪ್ ಆಕಿ ಎಳ್ದೆ," ಅಂದಳು. "ನಿನ್ನೆಯಿಂದ ಊದ್ಕೊಂಡದೆ. ಗೊತ್ತಾದ್ರೆ ಮಂಡ್ಯಕ್ಕೆ ಕರ್ಕೊಂಡೋಯ್ತೀರ. ಆ ವಾರ್ಡು ಇನ್ನೊಂದ್ಸಲ ನೋಡಕ್ಕಾಗಕಿಲ್ಲ ಕಣ್ರೀ."

ಅವನು ಪುಸ್ತಕ ತೆರೆದು ನಿನ್ನೆಯ ಸಾಲಿನ ಮೇಲೆ ಬೆರಳಿಟ್ಟ.

"ನಿನ್ನೆ ನೂರ ಇಪ್ಪತ್ತೆಂಟು ಅಂತ ಬರ್ದೆ. ಮಿಷನ್ ತೋರ್ಸಿದ್ದು ನೂರ ನಲವತ್ತೆರಡು."

"ಗೊತ್ತು."

"ಎಂಗೆ?"

"ದಿನಾ ಜೋರಾಗ್ ಓದೋರು, ನಿನ್ನೆ ಓದ್ಲೇ ಇಲ್ಲ."

ಅವನು ಪಟ್ಟಿ ಬಿಗಿದ. ಮಿಷನ್ನು ಗುರುಗುಟ್ಟಿ ನಿಂತಿತು. "ನೂರ ನಲವತ್ತೆಂಟು," ಎಂದು ಜೋರಾಗಿ ಓದಿದ. ನಿನ್ನೆಯ ಅಂಕಿಯ ಮೇಲೆ ಗೆರೆ ಎಳೆದು ನಿಜವನ್ನು ಬರೆದ. ಪಕ್ಕದ ಕ್ವಾರ್ಟರ್ಸಿನ ರಾಜೇಂದ್ರನನ್ನು ಕೂಗಿ ಕಾರು ತೆಗೆಸಿದ.

ಮಳವಳ್ಳಿ ದಾಟುವಾಗ ಅವಳು ಸೆರಗಿನ ಗಂಟು ಬಿಚ್ಚಿ ಕಾಲುಂಗುರಗಳನ್ನು ಅವನ ಅಂಗೈಯಲ್ಲಿಟ್ಟಳು.

"ವಾಪಸ್ಸು ಮೂರ್ ಜನ ಬತ್ತೀವಾ?"

ನಾಲಿಗೆಯ ತುದಿಗೆ ಬಂದ 'ಊಂ' ಅನ್ನು ಅವನು ನುಂಗಿಕೊಂಡ.

"ಗೊತ್ತಿಲ್ಲ ಕಣಮ್ಮಿ. ನಾನಂತೂ ಆ ವಾರ್ಡ್ ಬುಟ್ಟು ಅಳ್ಳಾಡಕಿಲ್ಲ."

ನಿನ್ನೆಯಿಂದ ಬಿಗಿಹಿಡಿದಿದ್ದ ಕತ್ತನ್ನು ಅವಳು ಅವನ ಭುಜಕ್ಕೆ ಒರಗಿಸಿದಳು.