ಮಾವನ ಕೋಣೆಯ ಕಾವು

"ಸತ್ತವರು ಉಸಿರಾಡ್ತಾರಾ, ದೊಡ್ಡಮ್ಮ?"

ಚಪ್ಪಲಿ ಬಿಡುವ ಮೊದಲೇ ಹೀಗೆ ಕೇಳಿದವಳು ನಮ್ಮ ಬೀದಿಯ ಹೆರಿಗೆ ನರ್ಸು. ನನ್ನ ದೊಡ್ಡಮ್ಮ ಕೋರ್ಟಿನಲ್ಲಿ ಸಾಕ್ಷಿಗಳ ಮಾತು ಟೈಪು ಮಾಡುತ್ತಲೇ ನಿವೃತ್ತಳಾದವಳು. ಬೀದಿಯಲ್ಲಿ ಏನು ಕಳೆದರೂ ಜನ ಅವಳ ಬಳಿಗೇ ಬರುತ್ತಿದ್ದರು. ನಾನು ಅವಳ ಚೀಲ ಹೊರುವವನು, ಜೊತೆಗೆ ಶುದ್ಧ ಪುಕ್ಕಲ.

"ಉಸಿರಾಡಿದ್ರೆ ಸತ್ತಿಲ್ಲ ಅಂತ ಅರ್ಥ. ಕೂತ್ಕೊಂಡು ಹೇಳು," ಎಂದಳು ದೊಡ್ಡಮ್ಮ.

"ಮಾವ ಹೋಗಿ ವರ್ಷ ಆಗ್ತಾ ಬಂತು. ಅವರ ಕೋಣೆಗೆ ಬೀಗ ಹಾಕಿದೀವಿ. ಆದ್ರೆ ಸಂಜೆ ಕಿಟಕಿ ಗಾಜು ಒಳಗಿಂದ ಮಬ್ಬಾಗಿರುತ್ತೆ, ಈಗಷ್ಟೇ ಯಾರೋ ಉಸಿರು ಬಿಟ್ಟ ಹಾಗೆ. ಮುಟ್ಟಿದ್ರೆ ಬೆಚ್ಚಗಿರುತ್ತೆ. ಆ ಕಿಟಕಿ ಕೆಳಗೇ ನನ್ನ ಕಾರು ನಿಲ್ಲೋದು. ಬೆಳಿಗ್ಗೆ ನೋಡಿದ್ರೆ ಚಾರ್ಜು ಇಳಿದಿರುತ್ತೆ."

ಅವಳದು ಎಲೆಕ್ಟ್ರಿಕ್ ಕಾರು. ಮನೆಯ ಕರೆಂಟಿನ ದರ, ಅದರಲ್ಲೂ ಸಂಜೆಯ ದರ, ಕೈ ಸುಡುವಂತಿತ್ತು. ಹಾಗಾಗಿ ಅವಳು ಆಸ್ಪತ್ರೆಯಲ್ಲೇ ಬಿಟ್ಟಿಯಾಗಿ ಚಾರ್ಜು ತುಂಬಿಸಿಕೊಂಡು ಬರುತ್ತಿದ್ದಳು. ಹಿಂದಿನ ವಾರ ಒಂದು ಮನೆಯಲ್ಲಿ ಹೆರಿಗೆ ನೋವು ಶುರುವಾಗಿ ಕರೆ ಬಂದಾಗ ಕಾರು ಅರ್ಧದಾರಿಯಲ್ಲೇ ನಿಂತಿತು. ಓಡಿಹೋಗಿ ತಲುಪುವಷ್ಟರಲ್ಲಿ ಹುಟ್ಟಿದ ಮಗು ನೀಲಿಗಟ್ಟಿತ್ತು.

"ಬದುಕಿತು, ಪುಣ್ಯ. ಆದ್ರೆ ಇನ್ನೊಂದು ಸಲ ಹೀಗಾದ್ರೆ ನಿನ್ನನ್ನ ಮನೆಮನೆ ಹೆರಿಗೆಗೆ ಕಳಿಸಲ್ಲ ಅಂತ ಆಸ್ಪತ್ರೇಲಿ ಅಂದುಬಿಟ್ಟಿದಾರೆ. ನನಗೆ ಬೇರೆ ಕೆಲಸ ಬರಲ್ಲ ದೊಡ್ಡಮ್ಮ, ಬೇಕಾಗೂ ಇಲ್ಲ."

ನಾವು ಸಂಜೆ ಅವಳ ಮನೆಗೆ ಹೋದೆವು. ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಗಣಿತದ ಮೇಷ್ಟ್ರಾದ ಗಂಡ ಕೋಟು ತೊಟ್ಟೇ ಉತ್ತರಪತ್ರಿಕೆ ತಿದ್ದುತ್ತಿದ್ದ.

"ದುಬಾರಿ ಹೊತ್ತಲ್ಲಿ ಹೀಟರ್ ಹಚ್ಚಬಾರದು ಅಂತ ನಾನೇ ರೂಲ್ ಮಾಡಿದೀನಿ," ಎಂದ. "ಮೀಟರ್ ದಿನಾ ನೋಡ್ತೀನಿ, ಒಂದು ಯೂನಿಟ್ಟೂ ಹೆಚ್ಚಿಗೆ ಓಡಿಲ್ಲ. ಕಾರಿನ ಕಿಲೋಮೀಟರೂ ಹಾಗೇ ಇದೆ."

ಫೋಟೋ ತೆಗೆಯುವ ಮೈದುನ ಆಗಷ್ಟೇ ಕೆಲಸದಿಂದ ಬಂದಿದ್ದ. ಆ ಕೋಣೆ ತನ್ನ ಸ್ಟುಡಿಯೋಗೆ ಬೇಕೆಂದು ಅವನು ಜಗಳವಾಡಿದ್ದನಂತೆ. "ಅತ್ತಿಗೆಗೆ ಅನುಮಾನ ನನ್ನ ಮೇಲೇ," ಎಂದು ನಕ್ಕ. ಅತ್ತೆ ಮಾತ್ರ ಶಾಲಿನ ಮೇಲೆ ಶಾಲು ಹೊದ್ದು ಮೂಲೆಯಲ್ಲಿ ಕೂತಿದ್ದರು. ಕೇಳಿದಾಗ ಸೊಂಟದಿಂದ ಕೀಲಿಕೈ ಬಿಚ್ಚಿ ಕೊಟ್ಟರು.

ಬಾಗಿಲು ತೆರೆದೆವು. ಕೋಣೆಯೊಳಗೆ ಆಗ ತಾನೇ ಯಾರೋ ಎದ್ದುಹೋದಂತೆ ಕಾವಿತ್ತು. ಮೇಜಿನ ಮೇಲೆಲ್ಲ ಧೂಳು. ಅದರ ನಡುವೆ ಸತ್ತವರ ಕನ್ನಡಕ ಮಾತ್ರ ಒರೆಸಿಟ್ಟ ಹಾಗೆ ಫಳಫಳ ಅನ್ನುತ್ತಿತ್ತು. ಕಿಟಕಿಯ ಗಾಜು ಮೂಲೆಯಲ್ಲಿ ಒಡೆದಿತ್ತು. ಆ ತೂತಿಗೆ ತುರುಕುವ ಬಟ್ಟೆ ನೆಲದಲ್ಲಿ ಬಿದ್ದಿತ್ತು. ಖಾಲಿ ಹಾಸಿಗೆಗೆ ಎದುರಾಗಿ ಒಂದು ಕುರ್ಚಿ, ಅದರ ಪಕ್ಕ ಹೀಟರ್, ಸುತ್ತಿಟ್ಟ ಉದ್ದನೆಯ ವೈರು. ನಾನು ದೊಡ್ಡಮ್ಮನ ಸೆರಗಿನ ಹತ್ತಿರ ಸರಿದೆ.

"ಈ ಹೀಟರ್ ಯಾರದು?" ಎಂದಳು ದೊಡ್ಡಮ್ಮ.

"ಅಪ್ಪನದು," ಎಂದ ಮೇಷ್ಟ್ರು. "ಕಾಯಿಲೆ ಬಿದ್ದಿದ್ದಾಗ ಕರೆಂಟು ಹೋದ್ರೆ ಕಾರಿಂದ ವೈರು ಎಳೆದು ಹಚ್ತಿದ್ವಿ."

ದೊಡ್ಡಮ್ಮ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದಳು.

"ಕಾರು ಓಡಿಲ್ಲ, ಚಾರ್ಜು ಹೋಗಿದೆ. ಕೋಣೆ ಕಾದಿದೆ, ಮೀಟರ್ ಓಡಿಲ್ಲ. ಎರಡೂ ಒಂದೇ ಕಳ್ಳತನ. ಒಡೆದ ಗಾಜಿನ ತೂತಿಂದ ವೈರು ಇಳಿಸಿ, ಕಾರಿನ ಕರೆಂಟಲ್ಲಿ ಹೀಟರ್ ಹಚ್ಚಿದಾರೆ. ಹೊರಗೆ ಚಳಿ, ಒಳಗೆ ಕಾವು, ಕೂತವರ ಉಸಿರು. ಗಾಜು ಮಬ್ಬಾಗದೆ ಇನ್ನೇನಾಗುತ್ತೆ?"

"ಯಾರು?" ಎಂದಳು ನರ್ಸು, ಮೈದುನನನ್ನೇ ನೋಡುತ್ತ.

"ಅವನಲ್ಲಮ್ಮ. ಗಾಜು ಮಬ್ಬಾಗೋ ಹೊತ್ತಿಗೆ ಅವನು ಮನೇಲೇ ಇರಲ್ಲ. ನಿನ್ನ ಗಂಡನಿಗೆ ಹೀಟರ್ ಅಂದ್ರೇ ಆಗಲ್ಲ. ಮತ್ತೆ, ಹೆದರಿಸೋಕೆ ಬಂದವರು ಸತ್ತವರ ಕನ್ನಡಕ ಒರೆಸ್ತಾರಾ?" ದೊಡ್ಡಮ್ಮನ ದನಿ ಮೆತ್ತಗಾಯಿತು. "ಕೀಲಿಕೈ ಇರೋದು ಒಬ್ಬರ ಸೊಂಟದಲ್ಲೇ."

ಅತ್ತೆ ತಲೆ ಎತ್ತಲಿಲ್ಲ. "ಸಂಜೆ ಅವರ ಜೊತೆ ಒಂದಿಷ್ಟು ಹೊತ್ತು ಕೂರ್ತಿದ್ದೆ. ಚಳಿ ತಡೆಯೋಕಾಗ್ಲಿಲ್ಲ. ಮನೆ ಕರೆಂಟು ಮುಟ್ಟಿಲ್ಲಪ್ಪ. ಕಾರಿಂದು ಆಸ್ಪತ್ರೇದು, ಬಿಟ್ಟಿ ಅಂತಿದ್ರಲ್ಲ? ಹೋದ ವಾರ ಒಂದಿನ ಅಲ್ಲೇ ನಿದ್ದೆ ಬಂದುಬಿಡ್ತು. ತುಂಬಾ ಹೊತ್ತಾದ್ಮೇಲೆ ಎಚ್ಚರಾಗಿ ಆರಿಸಿ ವೈರು ತೆಗೆದೆ."

ನರ್ಸು ಕೂತಲ್ಲಿಂದ ಎದ್ದುನಿಂತಳು. "ಅವತ್ತೇ ಅತ್ತೆ, ಕಾರು ದಾರೀಲಿ ನಿಂತಿದ್ದು. ಆ ಮಗು..."

"ಯಾವ ಮಗು?" ಮುದುಕಿಗೆ ಯಾರೂ ಹೇಳಿರಲೇ ಇಲ್ಲ. ಸೊಸೆ ಹೇಳಿದಳು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನನಗೆ ಅಲ್ಲಿ ಕೂತಿರಲು ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

"ಬದುಕಿದೆ ಅತ್ತೆ, ಚೆನ್ನಾಗಿದೆ," ಎಂದು ಸೊಸೆ ಅವರ ಕೈ ಬಿಡಿಸಿದಳು. ಆ ಬೆರಳುಗಳು ಮಂಜುಗಡ್ಡೆಯಂತಿದ್ದವೆಂದು ಆಮೇಲೆ ನನಗೆ ಹೇಳಿದಳು.

ಮೇಷ್ಟ್ರು ಎದ್ದು ಹೋಗಿ ಅಪ್ಪನ ಹೀಟರ್ ತಂದು ಅಮ್ಮನ ಕಾಲ ಬಳಿ ಇಟ್ಟ. ಗೋಡೆಯ ಸ್ವಿಚ್ಚು ಒತ್ತಿದ. ತಂತಿ ಕೆಂಪಗಾಯಿತು.

ಅಮ್ಮ ಗಾಬರಿಯಿಂದ ಗಡಿಯಾರ ನೋಡಿದರು.

"ರೇಟು ಇಳಿಯೋಕೆ ಇನ್ನೂ ಹೊತ್ತಿದೆ ಕಣೋ. ಆರಿಸು."

ಅವನು ಆರಿಸಲಿಲ್ಲ. ಅಮ್ಮನ ಮುಖ ನೋಡುವ ಧೈರ್ಯವಿಲ್ಲದೆ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಗೋಡೆಯ ಕಡೆಗೇ ನಿಂತಿದ್ದ.