ಎರಡು ಕಚ್ಚಿನ ಟಗರು

ಶಿಲ್ಪಾಳಿಗೆ ತನ್ನದು ಅಂತ ಒಂದು ಚಿತ್ರವೂ ಇರಲಿಲ್ಲ.

ಡ್ರಾಯಿಂಗ್ ಮಾಸ್ಟರ್ ಸರ್ಟಿಫಿಕೇಟ್ ಇತ್ತು. ಕ್ಯಾಲೆಂಡರ್ ಎದುರಿಗಿಟ್ಟರೆ ಕಮಲ, ಗಿಳಿ, ಸೂರ್ಯೋದಯ ಎಲ್ಲವನ್ನೂ ಹಾಗೆಯೇ ಇಳಿಸುತ್ತಿದ್ದಳು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ತೋಟಪ್ಪನವರ ಮಗಳು. 1998ರ ಜೂನ್‌ನಲ್ಲಿ ವರವು ಕಾವಲ್ ಎಂಬ ಹುಲ್ಲುಗಾವಲಿನ ಪಕ್ಕದ ಹೈಸ್ಕೂಲಿಗೆ ಚಿತ್ರಕಲೆ ಟೀಚರಾಗಿ ಬಂದಳು. ಬಂದ ಸ್ವಲ್ಪ ದಿನಕ್ಕೇ ಗಣಿತದ ಮೇಷ್ಟ್ರು ಲೋಹಿತ ಒಂದು ಹಾಳೆ ಹಿಡಿದು ಅವಳ ಕ್ಲಾಸಿಗೆ ನುಗ್ಗಿದ.

“ಈ ಕುರಿ ಕಿವಿ ತಿದ್ದಿದ್ದು ನೀವೇನಾ?”

“ಹೌದು. ಎಂಟನೇ ಕ್ಲಾಸಿನ ಮುದ್ದಕ್ಕ ಬಿಡಿಸಿದ್ದು. ಕಿವಿ ಹರಿದ ಹಾಗಿತ್ತು, ಸರಿ ಮಾಡ್ದೆ.”

“ಹರಿದಿಲ್ಲ ಕಣ್ರೀ. ಅದು ಕಚ್ಚು. ಕುರಿ ಕಿವಿ ಸ್ವಲ್ಪ ಕೊಯ್ದು ಒಂದೊಂದು ಮನೆಯೋರು ಒಂದೊಂದು ಗುರುತು ಮಾಡಿರ್ತಾರೆ. ಅದನ್ನ ನೋಡೇ ಯಾರ ಕುರಿ ಅಂತ ಗೊತ್ತಾಗೋದು. ನೀವು ಕೆಂಪು ಪೆನ್ನಲ್ಲಿ ಮುಚ್ಚಿ, ಕಡಿಮೆ ಮಾರ್ಕ್ಸ್ ಬೇರೆ ಕೊಟ್ಟಿದೀರಿ.”

“ನಿಮಗೇನು ಅಷ್ಟೊಂದು ಸಂಕಟ?”

“ನಾನೂ ಮುದ್ದಕ್ಕನ ಕುರಿ ಹಟ್ಟಿಯವನೇ.”

“ಹಾಗಾದ್ರೆ ಹೋಗಿ ಕುರಿ ಕಾಯ್ರಿ. ನನ್ನ ಕ್ಲಾಸ್ ಕಾಯ್ಬೇಡಿ.”

ಮಕ್ಕಳು ನಕ್ಕರು. ಮುದ್ದಕ್ಕ ನಗಲಿಲ್ಲ.

'ಹಾಗೆ ಅನ್ನಬಾರದಿತ್ತು...' ಅಂತ ಶಿಲ್ಪಾಳಿಗೆ ಕೂಡಲೇ ಅನ್ನಿಸಿತು. ಆದರೆ ಕ್ಷಮೆ ಕೇಳುವ ರೂಢಿ ಅವಳ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಂದಿನಿಂದ ಮುದ್ದಕ್ಕ ಬರೀ ಕಮಲ ಬಿಡಿಸತೊಡಗಿದಳು. ಗೆರೆ ನೆಟ್ಟಗೆ, ಒಂದೂ ತಪ್ಪಿಲ್ಲ. ನೋಡಿ ಶಿಲ್ಪಾಳಿಗೆ ಭಯವಾಯಿತು. ಅದು ಬೋರ್ಡಿನ ಮೇಲಿದ್ದ ಅವಳದೇ ಕಮಲ.

'ಇವಳನ್ನ ನನ್ನ ಹಾಗೇ ಮಾಡ್ತಿದೀನಿ...'

ಆ ಹುಡುಗಿ ಮತ್ತೆ ತನ್ನ ಕುರಿ ಬಿಡಿಸಬೇಕು. ಶಿಲ್ಪಾಳಿಗೆ ಬೇಕಾದದ್ದು ಅಷ್ಟೇ.

ಭಾನುವಾರ ಹಟ್ಟಿಗೆ ಹೋದಳು. ಮುದ್ದಕ್ಕನ ಅವ್ವ ಮೂಗಮ್ಮ ಕುರಿ ಕೂಡುವ ರೊಪ್ಪದಲ್ಲಿ ಒಂದು ಕುರಿ ಹಿಡಿದು ನಿಂತಿದ್ದಳು.

“ಏನಮ್ಮಾ, ಕುರಿ ಹಿಂಡಿದ್ರೂ ಎಣ್ಣೆ ಬರ್ತೈತೆ ಅಂದ್ರಾ ನಿಮ್ಮ ಮಿಲ್ಲಾಗೆ?”

“ಕಿವಿ ನೋಡೋಕೆ ಬಂದೆ.”

“ನೋಡು. ತಿದ್ದಬ್ಯಾಡ ಮತ್ತೆ.”

ಮಧ್ಯಾಹ್ನದವರೆಗೆ ಕುರಿ ಹಿಕ್ಕೆಯ ಮೇಲೇ ಕೂತು ಒಂದೊಂದೇ ಕಿವಿ ನೋಡಿದಳು. ದಾರಿಯಲ್ಲಿ ಹೋಗುತ್ತಿದ್ದ ಲೋಹಿತ ಅದನ್ನು ಕಂಡ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಅವಳ ಮುಂದೆ ಟೀ ಲೋಟ ಇಟ್ಟ.

“ಸಕ್ಕರೆ ಕಡಿಮೆ ಐತೆ.”

“ನಿಮ್ಮ ಮಾತೂ ಕಡಿಮೆ ಇರ್ಲಿ,” ಅಂದಳು. ಟೀ ಮಾತ್ರ ಕುಡಿದಳು.

ಶಿಲ್ಪಾ ಶಾಲೆಯ ಹಿಂದಿನ ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟಳು. ಇದ್ದಿಲು, ಕೆಮ್ಮಣ್ಣು ಇಟ್ಟಳು. “ನಿಮ್ಮ ಮನೇಲಿರೋದನ್ನ ಬಿಡಿಸಿ. ನಾನು ಮುಟ್ಟಲ್ಲ.”

ಗೋಡೆ ತುಂಬ ಕುರಿ ಎದ್ದವು, ಒಂದೊಂದಕ್ಕೂ ಅದರದೇ ಕಚ್ಚು. ಶಾಲೆ ಬಿಟ್ಟ ಮೇಲೆ ಲೋಹಿತ ಬಂದು ಕೆಮ್ಮಣ್ಣು ಕಲಸಿಕೊಡುತ್ತಿದ್ದ. ಕೊನೆಗೂ ಮುದ್ದಕ್ಕ ಇದ್ದಿಲು ಎತ್ತಿಕೊಂಡಳು. ಒಂದು ಟಗರು ಬಿಡಿಸಿದಳು, ಎಡಗಿವಿಗೆ ತಮ್ಮ ಮನೆಯ ಗುರುತಾದ ಒಂದೇ ಕಚ್ಚು. ಶಿಲ್ಪಾ ಕಣ್ಣೊರೆಸಿಕೊಳ್ಳಲು ಆ ಕಡೆ ತಿರುಗಿದಳು. ಆ ಕಡೆ ಲೋಹಿತ ನಿಂತಿದ್ದ.

'ಇವನ ಮುಂದೆ ಅಳಬಾರದು...' ಆದರೂ ಅತ್ತಳು. ಅವನು ತಲೆ ಬಗ್ಗಿಸಿ ಕೆಮ್ಮಣ್ಣು ಕಲಸತೊಡಗಿದ. ಅದು ಅವಳಿಗೆ ಇಷ್ಟವಾಯಿತು.

ಒಂದು ಸೋಮವಾರ ನೋಡಿದರೆ ಆ ಟಗರಿನ ಕಿವಿಗೆ ಎರಡು ಕಚ್ಚು. ಎರಡು ಕಚ್ಚು ಎಂದರೆ ಅದೇ ಹಟ್ಟಿಯ ಯತ್ತಪ್ಪನ ಮನೆಯ ಗುರುತು. ಅವನ ಮಗಳು ಆಟಕ್ಕೆ ಇನ್ನೊಂದು ಎಳೆದಿದ್ದಳು. ಆದರೆ ಹಟ್ಟಿಯಲ್ಲಿ ಒಂದು ಕಚ್ಚನ್ನು ಎರಡು ಮಾಡಿದರೆ ಕುರಿ ಕದ್ದ ಹಾಗೆ. ಸುದ್ದಿ ಹಬ್ಬಿತು. ಮೂಗಮ್ಮನ ಅಣ್ಣ ಪಾತಣ್ಣ ದೊಣ್ಣೆ ಹಿಡಿದು ಬಂದ.

“ಲೇ ಯತ್ತಪ್ಪ, ಗೋಡೆ ಮ್ಯಾಲಿನ ಟಗರನ್ನೇ ಬಿಡ್ಲಿಲ್ಲ, ನಾಳೆ ರೊಪ್ಪದಾಗಿಂದು ಬಿಡ್ತೀಯಾ?”

ಸಂಜೆಯೊಳಗೆ ಇಬ್ಬರ ತಲೆಯೂ ಒಡೆದಿತ್ತು.

ಮಾರನೇ ಬೆಳಿಗ್ಗೆ ಶಿಲ್ಪಾ ಬಂದಾಗ ಗೋಡೆ ಬೆಳ್ಳಗಿತ್ತು. ಲೋಹಿತನ ಕೈಯಲ್ಲಿ ಸುಣ್ಣದ ಬಕೆಟ್ಟು.

“ನೀವಾ?”

“ನಾನೇ. ಇವತ್ತು ಇಲ್ಲೇ ಪಂಚಾಯ್ತಿ ಐತೆ. ಆ ಕಿವಿ ಕಂಡಿದ್ರೆ ಹೆಣ ಬೀಳ್ತಿತ್ತು.”

“ನನ್ನ ಕೇಳಿದ್ರಾ? ಮಕ್ಕಳನ್ನ ಕೇಳಿದ್ರಾ?”

“ಇಲ್ಲ.”

“ನಾನು ಒಂದು ಕಿವಿ ಅಳಿಸಿದ್ದಕ್ಕೆ ಕ್ಲಾಸಿಗೆ ನುಗ್ಗಿ ಬೈದ್ರಿ. ನೀವು ಹಿಂಡನ್ನೇ ಅಳಿಸಿದ್ರಿ. ಇನ್ಮೇಲೆ ನನ್ನ ಮುಖ ನೋಡ್ಬೇಡಿ.”

ಅವನು ನೋಡಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮೂಗಮ್ಮ ಮಗಳನ್ನು ಶಾಲೆ ಬಿಡಿಸಿ ಕುರಿ ಜೊತೆ ಮೇವಿನ ವಲಸೆಗೆ ಕರೆದುಕೊಂಡು ಹೋದಳು. ಜನವರಿಯಲ್ಲಿ ಸುದ್ದಿ ಬಂತು: ಅವರು ಮೊಳಕಾಲ್ಮೂರು ಕಡೆ, ಸಿದ್ದಾಪುರದ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದಾರೆ. ಶಿಲ್ಪಾ ಬಸ್ ಹತ್ತಿದಳು. ಹಿಂದಿನ ಸೀಟಿನಲ್ಲಿ ಲೋಹಿತ ಕೂತಿದ್ದ. ಅವನೂ ಅಲ್ಲಿಗೇ ಹೊರಟಿದ್ದ. ಬೀಡಿಗೆ ಹೋದಾಗ ಮೂಗಮ್ಮ ಮಗಳ ಜೊತೆ ಒಲೆ ಮುಂದೆ ಕೂತಿದ್ದಳು.

“ಮುದ್ದಕ್ಕನ್ನ ಕಳಿಸಿ. ನಾನು ಓದಿಸ್ತೀನಿ,” ಅಂದಳು ಶಿಲ್ಪಾ.

“ಚಿತ್ರ ಬಿಡಿಸಿ ನಮ್ಮಣ್ಣನ ತಲೆ ಒಡೀತು. ಇನ್ನು ಓದಿ ಏನು ಒಡೀಬೇಕು?” ಅಂದಳು ಮೂಗಮ್ಮ. “ಹೋಗ್ರಿ.”

ಶಿಲ್ಪಾ ತಂದಿದ್ದ ಬಿಳಿ ಹಾಳೆಗಳನ್ನು ಮುದ್ದಕ್ಕನ ಕೈಗೆ ಕೊಟ್ಟಳು. ಅವಳು ಟೀಚರ ಮುಖ ನೋಡದೆ ಅವನ್ನು ಮಡಚಿ ಒಲೆಗಿಟ್ಟು ಬೆಂಕಿ ಹಚ್ಚಿದಳು.

ವಾಪಸ್ ಬಸ್ಸಿಗೆ ಇಬ್ಬರೂ ರಸ್ತೆ ಬದಿ ನಿಂತರು.

“ನಿಮ್ಮನ್ನ ಕೇಳ್ಬೇಕಿತ್ತು ನಾನು,” ಅಂದ ಲೋಹಿತ.

“ಕೇಳಿದ್ರೆ ಬೇಡ ಅಂತಿದ್ದೆ. ಆಗ ಹೆಣ ಬೀಳ್ತಿತ್ತು.” ಬಸ್ ಬರುವ ದಾರಿ ನೋಡುತ್ತ ಹೇಳಿದಳು, “ಆದ್ರೂ ಕೇಳ್ಬೇಕಿತ್ತು.”

“ಕುರಿ ಕಾಯ್ರಿ ಅಂದ್ರಲ್ಲ, ಆ ಸಿಟ್ಟು ಇನ್ನೂ ಹೋಗಿಲ್ಲ ಶಿಲ್ಪಾ. ನಿಮ್ಮನ್ನ ಬಿಟ್ಟಿರೋಕೂ ಆಗ್ತಿಲ್ಲ.”

“ನಂಗೂ ಹಾಗೇ...”

“ನಿಮ್ಮಪ್ಪ ಒಪ್ಪಲ್ಲ.”

“ನಿಮ್ಮ ಹಟ್ಟಿನೂ ಒಪ್ಪಲ್ಲ.”

“ಮತ್ತೆ?”

“ಬಸ್ ಬಂತು. ಈ ಸಲ ಪಕ್ಕದಲ್ಲಿ ಕೂತ್ಕೋ.”

ಅವನು ಕೂತ. ಮೇ ತಿಂಗಳಲ್ಲಿ ಚಳ್ಳಕೆರೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಎರಡೂ ಕಡೆಯಿಂದ ಯಾರೂ ಬರಲಿಲ್ಲ. ಮುಂದಿನ ವರ್ಷ ಗೋಡೆಯ ಮೇಲೆ ಬೇರೆ ಮಕ್ಕಳು ಬೇರೆ ಕುರಿ ಬಿಡಿಸಿದರು.

ಸುಣ್ಣದಡಿ ಹೋದದ್ದು ಮೂವತ್ತೊಂದು ಕುರಿ, ಒಂದು ಟಗರು. ಶಾಲೆ ಬಿಟ್ಟವಳು ಒಬ್ಬಳು.